ತಿರುಗಿಸಿಟ್ಟ ಕಡ್ಡಿಗಳು

ನಾನು ಮತ್ತು ಅಕ್ಕ ನೀಲಮ್ಮ ಶಹಾಪುರದವರು. ಕಾಲುವೆ ನೀರು ಬಂದ ಮೇಲೆ ಭತ್ತ ಹಚ್ಚಿದವರು. ನಾಟಿ ಯಂತ್ರದ ತರಬೇತಿಗೆಂದು ಜಪಾನಿಗೆ ಬಂದಿದ್ದೇವೆ. ಇಂದು ಮಧ್ಯಾಹ್ನ ತರಬೇತಿಯವರು ಕಿಯೋಟೋದಲ್ಲಿ ನಮ್ಮನ್ನು ಕೈಸೆಕಿ ಎಂಬ ಅಲ್ಲಿನ ಸಾಂಪ್ರದಾಯಿಕ ಊಟಕ್ಕೆ ಕರೆದೊಯ್ದರು. ಎಂಟೇ ಕುರ್ಚಿಗಳ ದುಬಾರಿ ಹೋಟೆಲು. ಮರದ ಕಟ್ಟೆಯಾಚೆ ನಿಂತ ವಯಸ್ಸಾದ ಅಡುಗೆಯವರು ಒಂದೊಂದೇ ಬಟ್ಟಲನ್ನು ತಾವೇ ಮುಂದಿಟ್ಟು, ನಾವು ತಿನ್ನುವುದನ್ನು ನೋಡುತ್ತಿದ್ದರು.

ಅಕ್ಕ ಎಡಚಿ. ಎಡಗೈಯಲ್ಲಿ ಉಂಡಳೆಂದು ಅವಳ ಅತ್ತೆ ಒಮ್ಮೆ ಮದುವೆಯ ಪಂಕ್ತಿಯಿಂದಲೇ ಎಬ್ಬಿಸಿದ್ದರು. ಅಂದಿನಿಂದ ಜನರೆದುರು ಬಲಗೈಯೇ. ಇಲ್ಲಿ ಆ ಕೈಗೆ ಊಟದ ಕಡ್ಡಿಗಳು ಒಗ್ಗಲಿಲ್ಲ. ಎರಡು ಸಲ ಕುಂಬಳದ ಹೋಳು ಜಾರಿ ಬಿತ್ತು; ಎರಡೂ ಸಲ ಹಿಡಿಯಲು ಎಡಗೈಯೇ ಮುಂದಾಯಿತು.

“ತಂಗಿ, ಅವ್ರು ನನ್ ಕೈನೇ ನೋಡಾಕತ್ಯಾರ. ಎದ್ದು ಹೋಗೂಣು ನಡಿ.”

“ಸುಮ್ನ ಕುಂದ್ರಕ್ಕ.”

ಮುಂದಿನ ಬಟ್ಟಲು ಬಂತು. ಅಡುಗೆಯವರು ಅಕ್ಕನ ಕಡ್ಡಿಗಳನ್ನು ಎತ್ತಿ, ಎಡಗೈಗೆ ಸಿಗುವಂತೆ ತಿರುಗಿಸಿಟ್ಟರು. ಅಕ್ಕನ ಮುಖ ಬಿಳಿಚಿತು.

“ಗೊತ್ತಾತಲ್ಲ ಅವ್ರಿಗಿ!”

ಅತ್ತಿತ್ತ ನೋಡಿದಳು. ಯಾರೂ ಇತ್ತ ತಿರುಗಿರಲಿಲ್ಲ. ಅಡುಗೆಯವರೂ ಒಲೆಯ ಕಡೆ ಹೋಗಿದ್ದರು. ಅವಳ ಎಡಗೈ ಕಡ್ಡಿ ಹಿಡಿಯಿತು. ತುತ್ತು ನೆಟ್ಟಗೆ ಬಾಯಿಗೆ ಹೋಯಿತು. ಇನ್ನೊಂದೂ ಹೋಯಿತು.

“ಊರಾಗ ಯಾರ ಮುಂದೂ ಹೇಳಬ್ಯಾಡ,” ಎಂದಳು, ಬಾಯಲ್ಲಿ ತುತ್ತು ಇಟ್ಟುಕೊಂಡೇ.