ಹೇಳಿದ್ದನ್ನಷ್ಟೇ ಬರೆಯಿರಿ

ನನ್ನ ಹಿರಿಯ ಮೊಮ್ಮಗಳೇ, ಅವಳ ಬೆನ್ನಿಗೆ ಹುಟ್ಟಿದ ಇಬ್ಬರು ಕಿತಾಪತಿಗಳೇ, ನಿಮ್ಮ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಹಾಳೆಗಳು ಬೇರೆಯವರ ಕೈಗೆ ಸಿಕ್ಕರೆ ಯಾರ ಮನೆಯ ಸಂಗತಿಯೆಂದು ತಿಳಿಯುವುದು ಬೇಡ.

ಹೋದ ವಾರ ಹಿರಿಯವಳು ಕಾಲೇಜಿನಿಂದ ಒಂದು ಫಾರಂ ತಂದು ನನ್ನ ಮುಂದೆ ಕುಳಿತಳು. "ಅಜ್ಜಿ, ಹೋದ ಎರಡು ವಾರದಾಗ ನಿನಗ ಎಷ್ಟು ನೆಮ್ಮದಿ ಅನಿಸ್ಯಾದ? ಸೊನ್ನಿಯಿಂದ ಹತ್ತರತನಕ ಒಂದು ನಂಬರ್ ಹೇಳು" ಎಂದಳು. ಒಲೆಯ ಮೇಲೆ ಹಾಲಿದೆ ಎಂದು ನಾನು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಬಾಗಿಲ ಮರೆಯಿಂದ ನೋಡಿದರೆ, ಅವಳು ತಾನೇ ಏಳು ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗಿದ್ದಳು. ನಾನು ಬೈಯಲಿಲ್ಲ. ಎದುರಿಗೆ ನಿಂತು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಂಥದೇ ಫಾರಂ ಹಿಡಿದು ನಾನೂ ಮನೆಮನೆ ತಿರುಗಿದ್ದೇನೆ. ಅದನ್ನು ನಂಬಿ ಕುಳಿತಿದ್ದರೆ ನಿಮ್ಮ ಗಬ್ಬೂರಿನ ಚಿಕ್ಕಜ್ಜಿ, ನನ್ನ ತಂಗಿ, ಇವತ್ತು ಇರುತ್ತಿರಲಿಲ್ಲ.

ನಿಮ್ಮ ಅಜ್ಜ ತೀರಿಕೊಂಡು ನಾನು ಮಾನವಿಯಲ್ಲಿ ಒಬ್ಬಳೇ ಇದ್ದ ಕಾಲ ಅದು. ಹೆಣ್ಣುಮಕ್ಕಳ ಆರೋಗ್ಯ, ನೆಮ್ಮದಿ ಎಷ್ಟಿದೆಯೆಂದು ತಿಳಿಯಲು ಹೊರಗಿನವರ ತಂಡವೊಂದು ಬಂದಿತ್ತು. ಓದಲು ಬರುವ, ಸುತ್ತಲಿನ ಊರು ಬಲ್ಲ ಹೆಂಗಸರನ್ನು ಅವರು ಹುಡುಕುತ್ತಿದ್ದರು. ಕಲ್ಲೂರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು ನಾನು. ನನ್ನಿಂದ ನಾಲ್ಕು ಸಾಲು ಓದಿಸಿ ನೋಡಿದ ಆ ತಂಡದ ಮೇಡಂ, "ನಿಮ್ಮಂಥವರೇ ಬೇಕು, ಹೆಚ್ಚು ಮಾತಾಡದವರು" ಎಂದರು. ನನ್ನ ಅಂಜುಬುರುಕತನವನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ. ಆ ದಿನ ನಾನು ಹಿಗ್ಗಿದ್ದೆ. ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ರಾಯಚೂರಿನಲ್ಲಿ ಎರಡು ದಿನ ತರಬೇತಿ ಕೊಟ್ಟರು. ಮೇಡಂ ಗಂಟಲು ಕಟ್ಟಿ ದನಿ ಹೊರಡದೆ, ಗಳಿಗೆಗೊಮ್ಮೆ ಬಿಸಿನೀರು ಕುಡಿಯುತ್ತಿದ್ದರು. ಯಾರೋ ವಿಚಾರಿಸಿದರೆ "ಏನಿಲ್ಲ, ಚೆನ್ನಾಗಿದ್ದೇನೆ" ಎಂದು, ಅದೇ ಗಂಟಲಿನಲ್ಲಿ ನಮಗೆ ಪಾಠ ಹೇಳಿದರು: "ಅವರು ಬಾಯಿಂದ ಹೇಳಿದ್ದನ್ನಷ್ಟೇ ಬರೆಯಿರಿ. ನಿಮ್ಮ ಕಣ್ಣಿಗೆ ಕಂಡದ್ದು ಬೇಡ. ಅವರ ಆರೋಗ್ಯ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಬಾಗಲವಾಡದಿಂದ ಬಂದಿದ್ದ ಗಟ್ಟಿ ಬಾಯಿಯ ಹೆಂಗಸೊಬ್ಬಳು ಎದ್ದು ಕೇಳಿದಳು. "ಸುಳ್ಳು ಹೇಳಿದ್ರ ಏನ್ ಮಾಡೂದ್ರೀ?"

"ಅದೂ ಅವರ ಉತ್ತರವೇ. ಅದನ್ನು ಗೌರವಿಸಬೇಕು."

ಗೌರವ ಎಂದ ಕೂಡಲೇ ನಾವೆಲ್ಲ ತಲೆಯಾಡಿಸಿದೆವು. ಆರೋಗ್ಯ ಕೆಟ್ಟಿದೆ ಎಂದು ಹೇಳಿದವರನ್ನು ಜೀಪಿನಲ್ಲಿ ರಾಯಚೂರಿನ ದವಾಖಾನೆಗೆ ಕರೆದೊಯ್ದು ತೋರಿಸುವ ಏರ್ಪಾಡೂ ಇತ್ತು. ಹೇಳಿದವರನ್ನು ಮಾತ್ರ.

ಮಾನವಿಯ ಓಣಿಗಳಲ್ಲಿ ಕೆಲಸ ಶುರುವಾಯಿತು. "ನಿಮ್ಮ ಬದುಕಿಗೆ ಹತ್ತರಲ್ಲಿ ಎಷ್ಟು ಕೊಡುತ್ತೀರಿ?" ಎಂದು ನಾನು ಓದಿದರೆ, ಕಟ್ಟೆಯ ಮೇಲಿದ್ದವಳು ಪಕ್ಕದವಳನ್ನು ಕೇಳಿದಳು. "ಪಾಸಾಗಾಕ ಎಷ್ಟು ಬೇಕ ಬೇ?"

"ನೂರಕ್ಕ ಮೂವತ್ತೈದು. ಹತ್ತಕ್ಕ ನಾಕು ಅಂದ್ರ ಆತು."

"ಹಂಗಾರ ನನಗ ನಾಕು ಬರಿಯವ್ವಾ. ಮಕ್ಕಳ ಮುಂದ ಫೇಲಾಗೂದು ಬ್ಯಾಡ."

ಆ ಓಣಿ ಪೂರ್ತಿ ನಾಲ್ಕು. ಪಕ್ಕದ ಓಣಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು, ಅಲ್ಲೂ ನಾಲ್ಕು. ಅಕ್ಕಿ ಗಿರಣಿಯವರ ಮನೆಯಲ್ಲಿ ಮಾತ್ರ ಯಜಮಾನಿ, "ಹತ್ತು ಬರಕೋ, ನಮ್ಮನ್ಯಾಗೇನು ಕಮ್ಮಿ ಅದ?" ಎಂದಳು. ಅವಳ ಕಣ್ಣುಗಳು ಅತ್ತು ಅತ್ತು ಬಾತಿದ್ದವು. ನಾನು ಹತ್ತು ಎಂದು ಬರೆದೆ. ಕಣ್ಣಿಗೆ ಕಂಡದ್ದು ಬೇಡವಲ್ಲ.

ಆಮೇಲೆ ನನ್ನನ್ನು ಗಬ್ಬೂರಿಗೆ ಹಾಕಿದರು. ಬಳಗದವರು ಇದ್ದಾರೆಂದು ನಾನೂ ಸಂತೋಷದಿಂದಲೇ ಹೋದೆ. ಪಟ್ಟಿಯಲ್ಲಿ ತಂಗಿಯ ಮನೆಯೂ ಇತ್ತು.

ತಂಗಿ ನನಗಿಂತ ಹದಿಮೂರು ವರ್ಷ ಚಿಕ್ಕವಳು. ನೀರು ತಂದುಕೊಟ್ಟ ಕೈಯ ಉಗುರುಗಳು ಬೆಳ್ಳಗೆ ಕಾಗದದಂತಿದ್ದವು. ಪಾದ ಊದಿ ಕಾಲುಂಗುರ ಬೆರಳಿನೊಳಗೆ ಹೂತಿತ್ತು. ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು. ಪಡಸಾಲೆಯಲ್ಲಿ ಅವಳ ಅತ್ತೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದಳು. ಒಂಟಿಯಾಗಿರುವಾಗ ಕೇಳಬೇಕೆಂಬ ನಿಯಮವಿತ್ತು. ಒಂದೇ ಪಡಸಾಲೆಯ ಮನೆಯಲ್ಲಿ ಹಿರಿಯರನ್ನು ಎಬ್ಬಿಸಿ ಹೊರಗೆ ಕಳಿಸಿ ಎಂದು ಹೇಳುವ ಧೈರ್ಯ ಆ ನಿಯಮ ಬರೆದವರಿಗೆ ಇತ್ತೇನೋ, ನನಗಿರಲಿಲ್ಲ.

"ನಿಮ್ಮ ಆರೋಗ್ಯ ಹೇಗಿದೆ? ಬಹಳ ಚೆನ್ನಾಗಿದೆ, ಚೆನ್ನಾಗಿದೆ, ಸಾಧಾರಣ, ಕೆಟ್ಟಿದೆ" ಎಂದು ಓದಿದೆ. ಒಡಹುಟ್ಟಿದವಳಿಗೆ ಬಹುವಚನ ಹಚ್ಚಿ.

ತಂಗಿ ಅತ್ತೆಯ ಕಡೆ ನೋಡಿದಳು. ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. "ಆಕಿಗೇನಾಗೇದ? ಮೂರು ಹೊತ್ತು ರೊಟ್ಟಿ ಬಡಿತಾಳ. ಆರಾಮ ಅದಾಳಂತ ಬರಕೋ."

"ಆಕಿನ ಹೇಳಬೇಕ್ರೀ ಅತ್ತೀ" ಎಂದೆ, ನನ್ನ ಕೈಲಾದಷ್ಟು ಗಟ್ಟಿಯಾಗಿ.

"ಆರಾಮ ಅದೀನಕ್ಕಾ" ಎಂದಳು ತಂಗಿ.

ಚೆನ್ನಾಗಿದೆ ಎಂಬುದಕ್ಕೆ ಗುರುತು ಹಾಕಿದೆ.

ಕಳಿಸಲು ಅವಳು ಬಸ್ ನಿಲ್ಲುವಲ್ಲಿಗೆ ಬಂದಳು. ದಾರಿಯಲ್ಲಿ ಮೂರು ಕಡೆ ಗೋಡೆ ಹಿಡಿದು ನಿಂತಳು. ಬಸ್ಸು ಕಾಣಿಸಿದ ಮೇಲೆ, ಇನ್ನು ಮಾತು ಮುಂದುವರಿಯುವುದಿಲ್ಲ ಎಂಬ ಧೈರ್ಯದಿಂದ ಹೇಳಿದಳು. "ಅಕ್ಕಾ, ಮುಟ್ಟಾಗಿದ್ದು ಎರಡು ತಿಂಗಳಾತು, ನಿಂತಿಲ್ಲ. ಅವರ ಮುಂದ ಹೆಂಗ ಹೇಳ್ಲಿ?"

ಬಸ್ಸಿನಲ್ಲಿ ಕುಳಿತು ಮೊದಲ ಗುರುತನ್ನು ಹೊಡೆದುಹಾಕಿ, ಕೆಟ್ಟಿದೆ ಎಂಬುದಕ್ಕೆ ಗುರುತು ಮಾಡಿದೆ. ಹೇಳಿದವಳು ಅವಳೇ ತಾನೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ನಮ್ಮ ಕೆಲಸ ತಪಾಸಣೆ ಮಾಡುವ ಸರ್ ಒಬ್ಬರಿದ್ದರು. ಇಸ್ತ್ರಿ ಅಂಗಿ, ಮೆತ್ತಗಿನ ಮಾತು. ಹೊಡೆದುಹಾಕಿದ ಗೀಟು ಅವರ ಕಣ್ಣಿಗೆ ಬಿತ್ತು. ಫಾರಂನಲ್ಲಿದ್ದ ನಂಬರಿಗೆ ನನ್ನೆದುರೇ ಫೋನ್ ಮಾಡಿದರು. ಆ ಮನೆಗೆ ಇದ್ದದ್ದು ಒಂದೇ ಫೋನ್, ತಂಗಿಯ ಗಂಡನದು. ಅವನು ಸ್ಪೀಕರ್ ಹಾಕಿ ಹೆಂಡತಿಯನ್ನು ಕರೆದ. ಹಿಂದಿನಿಂದ ಮುದುಕಿ ಕೆಮ್ಮುವುದು ಕೇಳಿಸಿತು.

"ಅಮ್ಮಾ, ನಿಮ್ಮ ಆರೋಗ್ಯ ಹೇಗಿದೆ?"

"ಆರಾಮ ಅದೀನ್ರೀ."

ಸರ್ ಫೋನಿಟ್ಟು ನಕ್ಕರು. "ಅಕ್ಕಾರ, ನಿಮ್ಮ ಅಭಿಪ್ರಾಯ ಸೇರಸಬ್ಯಾಡ್ರಿ. ಲೆಕ್ಕ ಕೆಡ್ತದ" ಎಂದು ತಾವೇ ತಿದ್ದಿದರು. ಆಕೆ ಸಾಯುತ್ತಿದ್ದಾಳೆ ಎಂದು ಹೇಳಲು ನನಗೆ ಬಾಯಿ ಇತ್ತು. ನಾನು ಸೆರಗಿನ ಅಂಚು ಹಿಡಿದು ನಿಂತಿದ್ದೆ. ಆ ಮನುಷ್ಯ ದಡ್ಡನಲ್ಲ, ಕೆಟ್ಟವನೂ ಅಲ್ಲ, ಕಾಗದದ ಆಚೆ ನೋಡುವ ಅಭ್ಯಾಸವಿಲ್ಲದವನು. ನೋಡಿಯೂ ಸುಮ್ಮನಿದ್ದ ನಾನು ಅವನಿಗಿಂತ ಕಡೆ.

ಜೀಪು ಗಬ್ಬೂರಿಗೆ ಹೋಯಿತು. ಹತ್ತಿದವರಲ್ಲಿ ಒಬ್ಬಳು ರಾಯಚೂರಿನಲ್ಲಿರುವ ಮಗಳನ್ನು ನೋಡಿಬರಲು ಸೊಂಟನೋವು ಎಂದವಳು. ದಾರಿಯುದ್ದಕ್ಕೂ ಹಾಡುತ್ತ ಬಂದಳಂತೆ. ನನ್ನ ತಂಗಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಅದು ಕಿವಿಗೆ ಬಿದ್ದ ಮರುದಿನ ಬೆಳಗಿನ ಬಸ್ಸಿಗೇ ನಾನು ಹೋದೆ. ತಂಗಿಯ ಗಂಡ ಉಣ್ಣಲು ಕುಳಿತಿದ್ದ.

"ಮತ್ತ ಬರಕೊಳ್ಳಾಕ ಬಂದೇನು ಬೇ?" ಎಂದಳು ಅತ್ತೆ.

"ಇಲ್ರೀ ಅತ್ತೀ. ನನಗ ಆರಾಮಿಲ್ಲ. ರಾಯಚೂರಾಗ ತೋರಸಬೇಕು. ಜೋಡಿಗೆ ತಂಗೀನ ಕಳಸ್ರಿ."

"ನಿನಗೇನು ಧಾಡಿ? ಗುಂಡಕಲ್ಲ ಇದ್ದಂಗ ಅದಿ."

ತಂಗಿ ಬಸ್ಸಿನ ಬಳಿ ಹೇಳಿದ್ದನ್ನೆಲ್ಲ ನನ್ನದೆಂದು ಹೇಳಿದೆ. ಎರಡು ತಿಂಗಳು, ನಿಲ್ಲುತ್ತಿಲ್ಲ, ಕಣ್ಣಿಗೆ ಕತ್ತಲು ಬರುತ್ತದೆ. ಗಂಡಸಿನ ಮುಂದೆ ಹೇಳಿದೆ. ಅವನು ಅರ್ಧ ರೊಟ್ಟಿ ಬಿಟ್ಟು, ಎಂಜಲು ಕೈಯಲ್ಲೇ ಎದ್ದು ಅಂಗಳಕ್ಕೆ ಹೋದ.

"ಗಂಡ ಸತ್ತಾಕಿಗೆ ಈ ವಯಸಿನ್ಯಾಗ ಇದೇನ ಬಂತು" ಎಂದು ಮುದುಕಿ ಮುಖ ಸಿಂಡರಿಸಿದಳು. "ಕರಕೊಂಡ ಹೋಗು. ಸಂಜಿಕ ತಿರುಗಿ ಕಳಸು, ಇಲ್ಲಿ ರೊಟ್ಟಿ ಮಾಡವರು ಯಾರಿಲ್ಲ."

ರಾಯಚೂರಿನ ಡಾಕ್ಟರಮ್ಮ "ಯಾರಿಗ ತೋರಸೂದು?" ಎಂದರು. ಆಕೆ ಒಮ್ಮೆ ಇಬ್ಬರನ್ನೂ ನೋಡಿ, ತಂಗಿಯ ಕಣ್ಣಿನ ಕೆಳರೆಪ್ಪೆ ಎಳೆದರು. ಮೊಣಕಾಲಿನ ಕೆಳಗೆ ಬೆರಳಿನಿಂದ ಒತ್ತಿದರು. ಬಿದ್ದ ಕುಳಿ ಮೇಲೇಳಲಿಲ್ಲ.

"ಎಷ್ಟು ದಿನದಿಂದ ಹೋಗಾಕತ್ತದ?"

"ನಾಕ ದಿನ ಆತ್ರಿ" ಎಂದಳು ತಂಗಿ, ಅಲ್ಲಿಯೂ.

"ಎರಡು ತಿಂಗಳ್ರಿ" ಎಂದೆ ನಾನು. ಡಾಕ್ಟರಮ್ಮ ನಾನು ಹೇಳಿದ್ದನ್ನು ಬರೆದುಕೊಂಡರು.

ಅವತ್ತೇ ರಕ್ತ ಏರಿಸಲು ಶುರುಮಾಡಿದರು. ಇನ್ನು ಕೆಲವು ದಿನ ತಡವಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು. ನನ್ನನ್ನು ದವಾಖಾನೆಯಲ್ಲಿ ಇಟ್ಟುಕೊಂಡಿದ್ದಾರೆ ಎಂದು ಗಬ್ಬೂರಿಗೆ ಫೋನ್ ಮಾಡಿಸಿದೆ. ಮೂರನೆಯ ದಿನ ತಂಗಿಯ ಗಂಡ ಬಂದು, ಹಾಸಿಗೆಯ ಮೇಲೆ ಯಾರಿದ್ದಾರೆಂದು ನೋಡಿದ. ಆಪರೇಷನ್ ಕಾಗದಕ್ಕೆ ಸಹಿ ಹಾಕಿದ. ಆಮೇಲೆ ರಕ್ತದ ಬಾಟಲಿಯ ಕೆಳಗೆ ನಿಂತು ನನ್ನನ್ನು ಬೇಡಿಕೊಂಡದ್ದು ಇಷ್ಟು: "ಅಕ್ಕಾರ, ಊರಾಗ ಎಲ್ಲಾ ನಿಮ್ಮ ಹೆಸರಲೇ ಇರ್ಲಿ."

ಇರಲಿ ಎಂದೆ. ಅಂಥವನಿಂದ ಇನ್ನೇನು ಬಯಸುವುದು?

ಕೆಲಸ ಮುಗಿದ ಮೇಲೆ ರಾಯಚೂರಿನಲ್ಲಿ ನಮ್ಮನ್ನು ಕೂರಿಸಿ ಗೋಡೆಯ ಮೇಲೆ ಬಣ್ಣದ ಕಂಬಗಳನ್ನು ತೋರಿಸಿದರು. ನಾಲ್ಕರ ಕಂಬ ಎಲ್ಲಕ್ಕಿಂತ ಎತ್ತರ. ಈ ಭಾಗದ ಮಹಿಳೆಯರು ಅತಿಯಾಸೆಯಿಲ್ಲದವರು, ತಮ್ಮ ಬದುಕನ್ನು ಹದವಾಗಿ ತೂಗಬಲ್ಲವರು ಎಂದು ಅದೇ ಸರ್ ವಿವರಿಸಿದರು. "ಎಲ್ಲಾರೂ ಪಾಸಾಗ್ಯಾರ ನೋಡು" ಎಂದು ಬಾಗಲವಾಡದವಳು ನನ್ನ ಕಿವಿಯಲ್ಲಿ ಉಸುರಿದಳು. ಇನ್ನೊಂದು ಕಂಬ ಆರೋಗ್ಯ ಚೆನ್ನಾಗಿರುವವರದು, ಹಸಿರು ಬಣ್ಣ. ನನ್ನ ತಂಗಿ ಅದರೊಳಗಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗಬ್ಬೂರಿನಲ್ಲಿ ಇವತ್ತಿಗೂ ಕಾಯಿಲೆ ಬಿದ್ದವಳು ನಾನೇ. ಮುದುಕಿ ಎದುರಾದರೆ "ಈಗ ನಿಂತೇತೇನು?" ಎಂದು ನಾಲ್ಕು ಜನರ ಮುಂದೆ ಕೇಳುತ್ತಾಳೆ. ಹೂಂ ಎನ್ನುತ್ತೇನೆ. ಸೊಸೆ ಅಕ್ಕನ ಸೇವೆಗೆಂದು ಅಷ್ಟು ದಿನ ಮನೆ ಬಿಟ್ಟಳೆಂದು ಅವಳಿಗೆ ಈಗಲೂ ಸಿಟ್ಟು. ದವಾಖಾನೆಯ ಚೀಟಿಗಳನ್ನೆಲ್ಲ ತಂಗಿಯ ಗಂಡ, ಅವ್ವನ ಕಣ್ಣಿಗೆ ಬೀಳಬಾರದೆಂದು, ನೀರೊಲೆಗೆ ಹಾಕಿದ.

ಮಕ್ಕಳೇ, ಆದ್ದರಿಂದ ಈ ಹಾಳೆಗಳನ್ನು ಕಳೆಯಬೇಡಿ, ಗಬ್ಬೂರಿನ ಕಡೆಗೂ ಒಯ್ಯಬೇಡಿ. ಚಿಕ್ಕಜ್ಜಿಗೆ ಗರ್ಭಕೋಶ ತೆಗೆದಿದ್ದಾರೆ. ಮೂರು ಬಾಟಲಿ ರಕ್ತ ಕೊಟ್ಟಿದ್ದಾರೆ. ರಕ್ತವಿಲ್ಲದೆ ಹೃದಯ ದಣಿದಿದೆ, ವರ್ಷಕ್ಕೊಮ್ಮೆ ಅದರ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರಮ್ಮ ಹೇಳಿದ್ದರು, ಒಮ್ಮೆಯೂ ಆಗಿಲ್ಲ. ಮುಂದೆ ಅವಳನ್ನು ಯಾವ ದವಾಖಾನೆಗೆ ಒಯ್ದರೂ ಅವಳು ಆರಾಮ ಅದೀನಿ ಎಂದೇ ಹೇಳುತ್ತಾಳೆ. ಆಗ ಡಾಕ್ಟರಿಗೆ ತೋರಿಸಲು ಬೇರೆ ಕಾಗದವಿಲ್ಲ. ಇವನ್ನು ಕೈಗೆ ಸಿಗುವಂತೆ, ಜೋಪಾನವಾಗಿ ಇಡಿ.