ನಮ್ಮ ತಲೆಯ ಮೇಲೆ ಎಸಿ, ಹಿಂದಿನ ಮಂಚದಲ್ಲಿ ಅತ್ತೆ

ಗಲ್ಫಿನಲ್ಲಿ ಎಸಿ ರಿಪೇರಿ ಮಾಡುವ ಗಂಡ ರಜೆಗೆ ಬಂದರೆ ಸೆಂಟೋ ಖರ್ಜೂರವೋ ತರುವುದು ವಾಡಿಕೆ. ನನ್ನವರು ಈ ಸಲ ನಮ್ಮೂರು ಮೆಲ್ಕಾರಿಗೆ ಬಂದ ವಾರದಲ್ಲೇ ಒಂದು ಹಳೆ ಟೆಂಪೋ ತಂದು ಅಂಗಳದಲ್ಲಿ ನಿಲ್ಲಿಸಿದರು. ಒಳಗೆ ಮುಂದುಗಡೆ ನಮಗೊಂದು ಮಂಚ, ಹಿಂದುಗಡೆ ಅತ್ತೆಗೊಂದು, ನಡುವೆ ಒಲೆ ಮತ್ತು ಪರದೆ. ಗಾಡಿಯ ಮಾಡಿನ ಮೇಲೆ ಎಸಿ. "ಇದರಲ್ಲೇ ನೆಂಟರ ಮನೆಗೆಲ್ಲ ಹೋಗುವ," ಎಂದರು. ನೆಂಟರು ನಮಗೆ ಚಾಪೆ ಹಾಸಿಕೊಡುವುದಿಲ್ಲ ಎಂದು ಯಾವತ್ತೂ ಹೇಳಿದವರಲ್ಲ.

ಎಸಿ ಹಾಕಿದರೆ ಅಕ್ಕಿ ಮಿಲ್ಲಿನೊಳಗೆ ಮಲಗಿದ ಹಾಗೆ. ಲೋಟಗಳು ನಡುಗುತ್ತಿದ್ದವು. ನನಗೆ ಮಾತ್ರ ಆ ಸದ್ದಿನಿಂದ ಖುಷಿಯೋ ಖುಷಿ. ನಮ್ಮ ಮನೆಯಲ್ಲಿ ಕೋಣೆಗಳ ನಡುವಿನ ಗೋಡೆ ಮಾಡಿಗೆ ತಾಗುವುದಿಲ್ಲ. ಗಂಡನ ಹತ್ತಿರ ಆಡಿದ ಮಾತು ಗೋಡೆ ಹತ್ತಿ ಅತ್ತೆಯ ಕಡೆ ಇಳಿಯುತ್ತದೆ. ನನಗೋ ಹೇಳಲೇಬೇಕಾದ ಒಂದು ಮಾತಿತ್ತು. ಮೂಡುಬಿದಿರೆಯ ಒಂದು ಶಾಲೆಯವರು ಗಣಿತ ಕಲಿಸಲು ಬನ್ನಿ ಎಂದಿದ್ದರು, ಶನಿವಾರ ಸಂಜೆಯೊಳಗೆ ಉತ್ತರ ಬೇಕಂತೆ. ಹೋಗಬೇಕೆಂದು ಜೀವ ಹಾತೊರೆಯುತ್ತಿತ್ತು. ಆದರೆ ಅತ್ತೆಗೆ ಗೊತ್ತಾದರೆ "ಮನೆಯಲ್ಲಿ ಅಡುಗೆ ಯಾರು ಮಾಡುವುದು?" ಎಂಬಲ್ಲಿಗೆ ನನ್ನ ಕೆಲಸ ಮುಗಿಯುತ್ತದೆಂದು ನಾನೇ ತೀರ್ಮಾನಿಸಿದ್ದೆ.

ಗುರುವಾರ ನೆರಿಯದಲ್ಲಿ ನಾದಿನಿಯ ಅಂಗಳದಲ್ಲಿ ಗಾಡಿ ನಿಂತಿತು. ಅವಳ ಕಿಟಕಿಯಿಂದ ವಯರು ಎಳೆದು ಎಸಿ ಹಾಕಿದೆವು. ಊಟವಾಗಿತ್ತು, ಅತ್ತೆ ಆಚೆ ಮುಖ ಮಾಡಿ ಮಲಗಿದ್ದರು. ನಾನು ಗಂಡನ ಕಿವಿಯ ಹತ್ತಿರ ಎಲ್ಲವನ್ನೂ ಹೇಳಿದೆ. ಶಾಲೆ, ಬಸ್ಸು, ನನ್ನದೇ ಆದ ಸಂಬಳ. ಬಾಯಿ ತೆರೆದದ್ದೇ ತೆರೆದದ್ದು, ಅತ್ತೆ ಸಾರಿಗೆ ಸುರಿಯುವ ಉಪ್ಪು, ಬಿಗಿದ ಮುಖ, ಹದಿನಾಲ್ಕು ವರ್ಷದ ಬಾಕಿಯೆಲ್ಲ ಹೊರಬಿತ್ತು.

"ಏನು?" ಎಂದರು ಅವರು.

ಇನ್ನೂ ಜೋರಾಗಿ ಹೇಳಿದೆ.

"ಎಸಿಯಾ? ಹೌದು ಮಾರಾಯ್ತಿ, ವಿಪರೀತ ಸದ್ದು. ನಾಳೆ ನೋಡ್ತೇನೆ."

ಈ ಮೆಕ್ಯಾನಿಕ್ಕುಗಳಿಗೆ ಹೆಂಡತಿಯ ಯಾವ ದೂರೂ ಯಂತ್ರದ ದೂರಾಗಿಯೇ ಕೇಳಿಸುತ್ತದೆ. ಮರುದಿನ ಬೆಳಿಗ್ಗೆಯೇ ಗಾಡಿಯ ಮೇಲೆ ಹತ್ತಿ ಕುಳಿತರು. ಎಸಿಯ ಅಡಿಯ ರಬ್ಬರು ಚಪ್ಪಟೆಯಾಗಿ ಕಬ್ಬಿಣವೇ ತಗಡಿನ ಮೇಲೆ ಕೂತಿತ್ತಂತೆ. ದಪ್ಪ ರಬ್ಬರು ಹಾಕಿದರು, ಅಲುಗಾಡುವ ಮುಚ್ಚಳಕ್ಕೆ ವಾಶರು ಕೊಟ್ಟರು, ಗಾಳಿ ಬರುವ ದಾರಿಗೆ ಫೋಮು ಅಂಟಿಸಿದರು, ಒಳಗಿನಿಂದ ನಾಲ್ಕು ಬೋಲ್ಟು ಬಿಗಿದರು. ಸ್ವಿಚ್ಚು ಹಾಕಿದರೆ ಫ್ರಿಜ್ಜಿನಷ್ಟೂ ಸದ್ದಿಲ್ಲ. ಚಿನ್ನದ ಸರ ತೊಡಿಸಿದವರ ಹಾಗೆ ನನ್ನ ಮುಖ ನೋಡಿದರು. ನನಗೆ ಅಳು ಬಂತು.

ಶನಿವಾರ ಮಧ್ಯಾಹ್ನ ಮೂಡುಬಿದಿರೆ. ಇವರ ಸೋದರಮಾವನ ಮನೆಯೆದುರು ಗಾಡಿ, ಎಸಿ ಸದ್ದಿಲ್ಲದೆ ಓಡುತ್ತಿತ್ತು. ಇವರು ಒಳಗೆ ಮಾತಿಗೆ ಕೂತಿದ್ದರು, ಅತ್ತೆ ಎಂದಿನಂತೆ ಆಚೆ ಮುಖ ಮಾಡಿ ನಿದ್ದೆ. ನಾನು ಮಂಚದ ಮೇಲೆ ನಿಂತು, ಎಸಿಯ ಒಳಮುಚ್ಚಳ ತೆಗೆದು, ಬೋಲ್ಟಿಗೆ ಸ್ಪ್ಯಾನರು ಹಾಕಿದೆ. ಒಂದೆರಡು ಸಡಿಲವಾದರೆ ಹಳೆಯ ಗದ್ದಲ ವಾಪಸ್ಸು ಬಂದೀತು, ಇವರನ್ನು ಕರೆದು ಅತ್ತೆಗೆ ಕೇಳದಂತೆ ಮಾತು ಮುಗಿಸಬಹುದು.

"ಎಡಕ್ಕೆ ತಿರುಗಿಸು. ಅದು ಬಿಗಿ ಆಗ್ತಾ ಉಂಟು."

ಸ್ಪ್ಯಾನರು ಕೈಯಿಂದ ಜಾರಿ ಹಾಸಿಗೆಗೆ ಬಿತ್ತು. ಅತ್ತೆ ಎದ್ದು ಕೂತಿದ್ದರು.

"ಶಾಲೆಗೆ ಉತ್ತರ ಕೊಟ್ಟೆಯಾ?"

"ನಿಮಗೆ... ಹೇಗೆ ಗೊತ್ತು?"

"ಎಸಿ ಇರುವುದು ನಿಮ್ಮ ತಲೆಯ ಮೇಲೆ. ಇಲ್ಲಿ ಹಿಂದೆ ಏನು ಸದ್ದು? ನೀನು ಬೊಬ್ಬೆ ಹೊಡೆದದ್ದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಕೇಳಿದೆ. ಉಪ್ಪಿನ ವಿಷಯವೂ."

ನಾನು ಬಗ್ಗಿ ಹಾಸಿಗೆಯಲ್ಲಿ ಸ್ಪ್ಯಾನರು ಹುಡುಕತೊಡಗಿದೆ.

"ಎರಡು ದಿನದಿಂದ ಕಾಯ್ತಾ ಇದ್ದೇನೆ, ನನ್ನ ಹತ್ತಿರ ಯಾವಾಗ ಹೇಳ್ತಿ ಅಂತ," ಎಂದರು. "ಅಡುಗೆ ನಾನು ಮಾಡ್ತೇನೆ. ಉಪ್ಪು ಮಾತ್ರ ನನ್ನ ಲೆಕ್ಕದಲ್ಲೇ ಹಾಕುವುದು. ಫೋನು ಮಾಡು."

ಮಾಡಿದೆ. ಆ ಕಡೆಯಿಂದ ಹಲೋ ಎಂದರು. ಬರುತ್ತೇನೆ ಎಂಬ ಮಾತು ನನಗೇ ಕೇಳಿಸಲಿಲ್ಲ.

ಅತ್ತೆ ಕೈ ಚಾಚಿ ಎಸಿ ಆಫ್ ಮಾಡಿದರು.

"ಜೋರಾಗಿ ಹೇಳು."