ಖಂಡೆ ಪೂಜೆಯ ಸಾಲಿನಲ್ಲಿ ನನ್ನ ವಿಮಾನ

ಬನಹಟ್ಟಿಯ ನಮ್ಮ ಮನೆಯಲ್ಲಿ ಖಂಡೆ ಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಮಗ್ಗಗಳನ್ನು ನಿಲ್ಲಿಸಿ, ದುಡಿಮೆಯ ಸಲಕರಣೆಗಳನ್ನೆಲ್ಲ ಒರೆಸಿ ಸಾಲಾಗಿ ಇಡುತ್ತೇವೆ. ಕಳೆದ ವರ್ಷ ಆ ಸಾಲಿನ ಕೊನೆಗೆ, ಅಣ್ಣನ ಲಾಳಿಗಳ ಪಕ್ಕದಲ್ಲಿ, ನಾನು ನನ್ನ ಅರ, ಚಿಮಟ, ಸಣ್ಣ ಕುಂಚಗಳನ್ನೂ ಅವುಗಳಿಂದ ಮಾಡಿದ ಯುದ್ಧವಿಮಾನವನ್ನೂ ಇಟ್ಟೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಪ್ಲಾಸ್ಟಿಕ್ ಮಾದರಿ ಅದು. ರೆಕ್ಕೆಯ ತುದಿಯಿಂದ ತುದಿಗೆ ಒಂದು ಮೊಳ. ಶಾಲೆಯ ಶಿಕ್ಷಕಿ ಕೆಲಸ ಬಿಟ್ಟ ಮೇಲೆ ಎಂಟು ತಿಂಗಳು ಕುಳಿತು ಜೋಡಿಸಿದ್ದೆ. ಅದರ ಬೆನ್ನ ಮೇಲಿನ ರೇಡಿಯೊ ತಂತಿಗೆ ನಮ್ಮ ಮಗ್ಗದ ಎಳೆಯನ್ನೇ ಬಿಗಿದಿದ್ದೆ.

ವಿಭೂತಿಯ ತಟ್ಟೆ ಹಿಡಿದ ಅಣ್ಣ ಅಲ್ಲಿಗೆ ಬಂದು ನಿಂತ.

“ಆಟಗಿ ಸಾಮಾನು ತಗೀ ಅಲ್ಲಿಂದ. ಇದು ದುಡಿಮಿ ಪೂಜಿ.”

“ಲಿಂಬಿಹಣ್ಣ ಕಟ್ರಿ ಅದಕ್ಕ, ಹಾರಿ ಹೋದೀತು!” ಎಂದು ಅವನ ಹೆಂಡತಿ, ನಮ್ಮ ವೈನಿ, ನಕ್ಕರು.

“ನಾನೂ ದುಡದೇನಣ್ಣಾ. ಎಳಿ ತಪ್ಪಿದ್ರ ನೀ ಬಿಚ್ಚಿ ಕಟ್ಟತಿ, ನಾನೂ ಬಿಚ್ಚಿ ಕಟ್ಟೇನಿ. ತಗ್ಯೂದಿಲ್ಲ.”

ಅಣ್ಣ ಕೊನೆಯ ಲಾಳಿಗೆ ವಿಭೂತಿ ಹಚ್ಚಿ, ನನ್ನ ಸಾಮಾನುಗಳನ್ನು ದಾಟಿ ಹೊರಟ. ನಾನು ತಟ್ಟೆಯನ್ನು ಅವನ ಕೈಯಿಂದಲೇ ತೆಗೆದುಕೊಂಡೆ. ಬಣ್ಣ ಕೂದಲೆಳೆಯಷ್ಟು ಗಡಿ ಮೀರಿದರೂ ಕೆರೆದು ಮತ್ತೆ ಬಳಿದವಳು ನಾನು. ಅದೇ ರೆಕ್ಕೆಯ ಮೇಲೆ, ಎಲ್ಲರೂ ನೋಡುತ್ತಿದ್ದಂತೆ, ಮೂರು ಬೆರಳಿನಿಂದ ವಿಭೂತಿ ಎಳೆದೆ. ಗೆರೆಗಳು ಓರೆಯಾದವು.

ಈ ವರ್ಷದ ಸಾಲಿಗೆ ಇನ್ನೊಂದು ವಿಮಾನ ಸಿದ್ಧವಾಗುತ್ತಿದೆ. ಮೊದಲನೆಯದೂ ಅದರ ಪಕ್ಕದಲ್ಲಿಯೇ ಕೂರುತ್ತದೆ. ಆ ಓರೆ ಗೆರೆಗಳನ್ನು ನಾನು ಒರೆಸಿಲ್ಲ.